ಅಮೆರಿಕದಲ್ಲಿ ಸ್ನಾತಕೋತ್ತರ ವ್ಯಾಸಂಗ: ಪ್ರವೇಶಕ್ಕೆ ಏನೇನು ಬೇಕು?

ಬೆಂಗಳೂರು: ನಮ್ಮಲ್ಲಿ ‘ಗ್ರಾಜುಯೇಟ್’ ಎಂದರೆ ಪದವೀಧರ. ಅಮೆರಿಕದಲ್ಲಿ ‘ಗ್ರಾಜುಯೇಟ್ ಸ್ಟಡಿ’ ಎಂದರೆ ಪದವಿಯ ನಂತರದ ವ್ಯಾಸಂಗ. ನಾವು ಸ್ನಾತಕೋತ್ತರ ಎಂದು ಕರೆಯುವುದನ್ನೂ ಪಿಎಚ್.ಡಿಯನ್ನೂ ಅಲ್ಲಿ ಈ ಒಂದೇ ಹೆಸರಿನಡಿ ಸೇರಿಸುತ್ತಾರೆ. ಪದದ ಈ ಅಂತರ ಚಿಕ್ಕದಾಗಿ ಕಂಡರೂ, ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ತಪ್ಪು ಪುಟ ತೆರೆದು, ಪದವಿ ತರಗತಿಗೆ ಬೇಕಾದ ಅರ್ಹತೆಗಳನ್ನೇ ತಮ್ಮದೆಂದು ಭಾವಿಸಿ ಗೊಂದಲಕ್ಕೆ ಬೀಳುವವರು ಇಂದಿಗೂ ಇದ್ದಾರೆ. ಬಿ.ಇ. ಮುಗಿಸಿದವರು ಎಂ.ಎಸ್. ಮಾಡದೆ ನೇರವಾಗಿ ಪಿಎಚ್.ಡಿಗೆ ಅರ್ಜಿ ಹಾಕಲು ಅಲ್ಲಿ ಹಲವೆಡೆ ಅವಕಾಶವಿದೆ ಎಂಬ ಸಂಗತಿಯೂ ಅನೇಕರಿಗೆ ತಿಳಿದಿಲ್ಲ.

ಎರಡನೆಯ ಗೊಂದಲ ಸಿಇಟಿಯಿಂದ ಬಂದದ್ದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ರ‍್ಯಾಂಕ್, ಕೌನ್ಸೆಲಿಂಗ್, ಸೀಟು ಹಂಚಿಕೆಗಳಿಗೆ ಒಗ್ಗಿಕೊಂಡಿರುವ ನಮ್ಮ ವಿದ್ಯಾರ್ಥಿಗಳು ‘ಕಟ್ ಆಫ್ ಎಷ್ಟು?’ ಎಂದೇ ಮೊದಲು ಕೇಳುತ್ತಾರೆ. ಅಮೆರಿಕದಲ್ಲಿ ಹಾಗೊಂದು ಕಟ್ ಆಫ್ ಇಲ್ಲ. ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯೂ ಇಲ್ಲ. ಪ್ರತಿ ವಿಶ್ವವಿದ್ಯಾಲಯಕ್ಕೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ವಿಶ್ವವಿದ್ಯಾಲಯದ ಗ್ರಾಜುಯೇಟ್ ವಿಭಾಗವು ಕನಿಷ್ಠ ಅರ್ಹತೆಯನ್ನಷ್ಟೇ ಪರಿಶೀಲಿಸುತ್ತದೆ. ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಸಂಬಂಧಪಟ್ಟ ಅಧ್ಯಯನ ವಿಭಾಗದ ಪ್ರಾಧ್ಯಾಪಕರ ಸಮಿತಿ ಅರ್ಜಿಗಳನ್ನು ಓದಿ ತೀರ್ಮಾನಿಸುತ್ತದೆ. ಕನಿಷ್ಠ ಅರ್ಹತೆ ಇದ್ದ ಮಾತ್ರಕ್ಕೆ ಪ್ರವೇಶ ದೊರೆಯುವುದಿಲ್ಲ. ಒಂದು ಅಂಕ ಕಡಿಮೆ ಬಂದ ಮಾತ್ರಕ್ಕೆ ಬಾಗಿಲು ಮುಚ್ಚುವುದೂ ಇಲ್ಲ.

ಮೂರು ವರ್ಷದ ಪದವಿಯ ತೊಡಕು

ಅಮೆರಿಕದ ಪದವಿ ನಾಲ್ಕು ವರ್ಷಗಳದ್ದು. ಹನ್ನೆರಡು ವರ್ಷಗಳ ಶಾಲಾ ಶಿಕ್ಷಣಕ್ಕೆ ಇದನ್ನು ಸೇರಿಸಿ ಒಟ್ಟು 16 ವರ್ಷಗಳ ಶಿಕ್ಷಣವನ್ನು ಬಹುತೇಕ ವಿಶ್ವವಿದ್ಯಾಲಯಗಳು ಮಾನದಂಡವಾಗಿ ಇಟ್ಟುಕೊಂಡಿವೆ. ಎಸ್ಸೆಸ್ಸೆಲ್ಸಿ, ಪಿಯುಸಿ, ನಂತರ ನಾಲ್ಕು ವರ್ಷದ ಬಿ.ಇ. ಅಥವಾ ಬಿ.ಎಸ್ಸಿ. (ಕೃಷಿ) ಓದಿದವರಿಗೆ ತೊಂದರೆಯಿಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿಸಿಎ, ಬಿಬಿಎ ಮುಗಿಸಿದವರ ಲೆಕ್ಕ 15 ವರ್ಷಕ್ಕೇ ನಿಲ್ಲುತ್ತದೆ.

ಈ ವಿಷಯದಲ್ಲಿ ಕರ್ನಾಟಕದ ವಿದ್ಯಾರ್ಥಿಗಳ ಸ್ಥಿತಿ ಸ್ವಲ್ಪ ವಿಚಿತ್ರವಾದದ್ದು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2021-22ನೇ ಸಾಲಿನಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಗೆ ಅವಕಾಶ ದೊರೆಯಿತು. ಸರ್ಕಾರ ಬದಲಾದ ಮೇಲೆ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಆಧಾರದಲ್ಲಿ 2024ರ ಮೇ ತಿಂಗಳಲ್ಲಿ ಹೊರಟ ಆದೇಶದಂತೆ 2024-25ನೇ ಸಾಲಿನಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸೇರಿದ ಮೂರು ತಂಡಗಳಿಗೆ ಮಾತ್ರ ನಾಲ್ಕನೇ ವರ್ಷ ಓದುವ ಅವಕಾಶ ಉಳಿಯಿತು. ಹೀಗಾಗಿ ಒಂದೇ ಕಾಲೇಜಿನಲ್ಲಿ, ಒಂದೇ ವಿಷಯ ಓದಿದ ಅಣ್ಣನಿಗೆ ಇದ್ದ ಅರ್ಹತೆ ಒಂದೆರಡು ವರ್ಷ ತಡವಾಗಿ ಸೇರಿದ ತಂಗಿಗೆ ಇಲ್ಲದಿರಬಹುದು. ನೀತಿಯ ಸರಿ-ತಪ್ಪುಗಳ ಚರ್ಚೆ ಬೇರೆ. ಹೊರದೇಶದ ಓದಿನ ಆಸೆಯಿದ್ದವರು ಈ ವ್ಯತ್ಯಾಸವನ್ನು ಪದವಿಗೆ ಸೇರುವಾಗಲೇ ಅರಿತಿರಬೇಕು.

ಹಾಗೆಂದು ಮೂರು ವರ್ಷದ ಪದವೀಧರರು ಕೈಚೆಲ್ಲಬೇಕಾಗಿಲ್ಲ. ಇಲ್ಲಿಯೇ ಎಂ.ಎಸ್ಸಿ., ಎಂ.ಕಾಂ. ಅಥವಾ ಎಂ.ಎ. ಮುಗಿಸಿದರೆ 17 ವರ್ಷಗಳ ಶಿಕ್ಷಣವಾಗುತ್ತದೆ. ಹಲವು ವರ್ಷಗಳಿಂದ ನಮ್ಮ ವಿಜ್ಞಾನ ಪದವೀಧರರು ತುಳಿದ ಹಾದಿ ಇದೇ. ಮೂರು ವರ್ಷದ ಪದವಿಯನ್ನು ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ. ಅವುಗಳಲ್ಲಿ ಕೆಲವು ನ್ಯೂಯಾರ್ಕಿನ ವರ್ಲ್ಡ್ ಎಜುಕೇಶನ್ ಸರ್ವಿಸಸ್‌ನಂತಹ (ಡಬ್ಲ್ಯುಇಎಸ್) ಸಂಸ್ಥೆಯಿಂದ ಪದವಿಯ ಮೌಲ್ಯಮಾಪನ ವರದಿ ಕೇಳುತ್ತವೆ. ಇಂತಹ ಮೌಲ್ಯಮಾಪನದಲ್ಲಿ ಓದಿದ ಸಂಸ್ಥೆಗೆ ನ್ಯಾಕ್ ನೀಡಿದ ಶ್ರೇಣಿಯೂ ವಿದ್ಯಾರ್ಥಿ ಪಡೆದ ದರ್ಜೆಯೂ ಗಣನೆಗೆ ಬರುತ್ತವೆ. ಡಬ್ಲ್ಯುಇಎಸ್ ವರದಿ ಅನುಕೂಲವಾಗಿದ್ದರೂ ಅಂತಿಮ ಮಾತು ವಿಶ್ವವಿದ್ಯಾಲಯದ್ದೇ. ಆದಕಾರಣ ಶುಲ್ಕ ಕಟ್ಟುವ ಮೊದಲು ಪ್ರವೇಶ ವಿಭಾಗಕ್ಕೆ ಇ-ಮೇಲ್ ಬರೆದು ‘ಮೂರು ವರ್ಷದ ಭಾರತೀಯ ಪದವಿಯನ್ನು ಒಪ್ಪುತ್ತೀರಾ?’ ಎಂದು ಕೇಳಿ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು. ಸಾಮಾನ್ಯವಾಗಿ ಉತ್ತರ ಬರುತ್ತದೆ.

ವಿಷಯ ಬದಲಿಸಿ ಓದಬಯಸುವವರಿಗೆ ಮತ್ತೊಂದು ಷರತ್ತಿದೆ. ಮೆಕ್ಯಾನಿಕಲ್ ಓದಿದವರು ಕಂಪ್ಯೂಟರ್ ಸೈನ್ಸ್‌ಗೆ, ವಾಣಿಜ್ಯ ಓದಿದವರು ಡೇಟಾ ಸೈನ್ಸ್‌ಗೆ ಅರ್ಜಿ ಹಾಕಿದಾಗ ಆ ವಿಷಯದ ಮೂಲ ಪಾಠಗಳನ್ನು ಓದಿದ್ದಕ್ಕೆ ದಾಖಲೆ ಕೇಳುತ್ತಾರೆ. ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗಬಹುದು, ಇಲ್ಲವೇ ಅಲ್ಲಿಗೆ ಹೋದ ಮೇಲೆ ಹೆಚ್ಚುವರಿ ಪಾಠಗಳನ್ನು ಓದುವ ಷರತ್ತಿನೊಂದಿಗೆ ಪ್ರವೇಶ ಸಿಗಬಹುದು. ಆ ಪಾಠಗಳಿಗೂ ಶುಲ್ಕವಿದೆ ಎಂಬುದನ್ನು ಮರೆಯಬಾರದು.

ಅಂಕಪಟ್ಟಿ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ

ಸೆಮಿಸ್ಟರ್‌ಗೊಂದರಂತೆ ಬರುವ ಅಂಕಪಟ್ಟಿಗಳ ಕಟ್ಟನ್ನೇ ಟ್ರಾನ್ಸ್‌ಕ್ರಿಪ್ಟ್ ಎಂದು ತಿಳಿಯುವುದು ಸಾಮಾನ್ಯ. ಟ್ರಾನ್ಸ್‌ಕ್ರಿಪ್ಟ್ ಎಂದರೆ ಎಲ್ಲ ಸೆಮಿಸ್ಟರ್‌ಗಳ ವಿಷಯ, ಅಂಕ ಅಥವಾ ಗ್ರೇಡುಗಳನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯ ಸಹಿ, ಮೊಹರಿನೊಂದಿಗೆ ಕೊಡುವ ಅಧಿಕೃತ ದಾಖಲೆ. ಇದಕ್ಕಾಗಿ ವಿಶ್ವವಿದ್ಯಾಲಯದ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಪ್ರತ್ಯೇಕ ಅರ್ಜಿ, ಶುಲ್ಕ ಸಲ್ಲಿಸಬೇಕು. ಸ್ವಾಯತ್ತ ಕಾಲೇಜುಗಳಲ್ಲಿ ಓದಿದವರು ಗ್ರೇಡ್ ಕಾರ್ಡನ್ನು ಕಾಲೇಜಿನಿಂದಲೂ ಪದವಿ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯದಿಂದಲೂ ಪಡೆಯುವುದರಿಂದ ಎರಡೂ ಕಡೆ ವಿಚಾರಿಸಬೇಕಾಗುತ್ತದೆ. ಅರ್ಜಿಯ ಹಂತದಲ್ಲಿ ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿಯನ್ನು ಹಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ಪ್ರವೇಶ ದೊರೆತ ಮೇಲೆ ಮುಚ್ಚಿದ ಲಕೋಟೆಯಲ್ಲಿ ಅಥವಾ ನೇರವಾಗಿ ವಿಶ್ವವಿದ್ಯಾಲಯದಿಂದಲೇ ಮೂಲ ಪ್ರತಿ ಹೋಗಬೇಕು. ಲಕೋಟೆಯನ್ನು ವಿದ್ಯಾರ್ಥಿ ಒಡೆದರೆ ಅದು ಅಮಾನ್ಯ.

ಅಂಕಗಳ ವಿಷಯದಲ್ಲಿ ಅಲ್ಲಿನ ಮಾಪನ 4ಕ್ಕೆ. ಅದರಲ್ಲಿ 3, ಅಂದರೆ ‘ಬಿ’ ಸರಾಸರಿ, ಸಾಮಾನ್ಯವಾಗಿ ಕೇಳುವ ಕನಿಷ್ಠ ಮಟ್ಟ. ನಮ್ಮ ಶೇಕಡಾವಾರು ಅಂಕವನ್ನು ಅಥವಾ ಹತ್ತರ ಸಿಜಿಪಿಎಯನ್ನು ಸುಮ್ಮನೆ ಭಾಗಿಸಿ ನಾಲ್ಕಕ್ಕೆ ಇಳಿಸುವ ಲೆಕ್ಕ ತಪ್ಪು. ಶೇ 60ಕ್ಕೆ ಪ್ರಥಮ ದರ್ಜೆ ಕೊಡುವ ನಮ್ಮ ಪದ್ಧತಿಯ ಪರಿಚಯ ಅಲ್ಲಿನ ಸಮಿತಿಗಳಿಗೆ ಇದೆ. ಪರಿವರ್ತಿಸಿ ಎಂದು ಸ್ಪಷ್ಟವಾಗಿ ಕೇಳದ ಹೊರತು ಅಂಕಪಟ್ಟಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ನಮೂದಿಸಬೇಕು. ಅನುತ್ತೀರ್ಣವಾಗಿ ಮರುಪರೀಕ್ಷೆ ಬರೆದ ವಿಷಯಗಳಿದ್ದರೆ ಮುಚ್ಚಿಡಬಾರದು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅದು ಕಾಣುತ್ತದೆ. ಸುಳ್ಳು ದಾಖಲೆ ಪತ್ತೆಯಾದರೆ ಸೇರಿದ ನಂತರವೂ ಪ್ರವೇಶ ರದ್ದಾಗುತ್ತದೆ.

ಹೆಸರಿನ ಸಮಸ್ಯೆ

ಇದು ಯಾವ ಮಾರ್ಗದರ್ಶಿ ಪುಸ್ತಕದಲ್ಲಿಯೂ ವಿವರವಾಗಿ ಸಿಗದ, ಆದರೆ ಕರ್ನಾಟಕದ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಕಾಡುವ ಸಂಗತಿ. ನಮ್ಮಲ್ಲಿ ಹೆಸರಿನ ಜೊತೆ ಊರಿನ, ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.ಎಸ್.’ ಎಂದಿದ್ದು, ಪಾಸ್‌ಪೋರ್ಟಿನಲ್ಲಿ ಬರೀ ‘ಮಂಜುನಾಥ’ ಎಂದು ನಮೂದಾಗಿ ಸರ್‌ನೇಮ್ ಅಂಕಣ ಖಾಲಿ ಉಳಿದಿದ್ದರೆ, ಅಮೆರಿಕದ ದಾಖಲೆಗಳಲ್ಲಿ ಆ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಸಂಕ್ಷಿಪ್ತ ರೂಪವದು. ಅಲ್ಲಿನ ಬ್ಯಾಂಕು, ಚಾಲನಾ ಪರವಾನಗಿ, ವಿಶ್ವವಿದ್ಯಾಲಯದ ಗುರುತಿನ ಚೀಟಿಗಳಲ್ಲಿ ‘ಎಫ್‌ಎನ್‌ಯು ಮಂಜುನಾಥ’ ಎಂದೇ ಬಾಳಬೇಕಾಗುತ್ತದೆ!

ಪ್ರವೇಶ ಪರೀಕ್ಷೆಗಳಿಗೆ ನೋಂದಾಯಿಸುವ ಹೆಸರು ಗುರುತಿನ ದಾಖಲೆಯಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಪರೀಕ್ಷಾ ಕೇಂದ್ರದೊಳಕ್ಕೆ ಬಿಡುವುದಿಲ್ಲ. ಕಟ್ಟಿದ ಶುಲ್ಕವೂ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಸುವುದು, ಸರ್‌ನೇಮ್ ಸೇರಿಸುವುದು ಏನಿದ್ದರೂ ಪರೀಕ್ಷೆಗೆ ಹೆಸರು ಕೊಡುವ ಮುನ್ನವೇ ಆಗಬೇಕು. ಪರೀಕ್ಷೆ ಬರೆದ ಮೇಲೆ ಪಾಸ್‌ಪೋರ್ಟ್ ತಿದ್ದಿಸಿದರೆ ಅಂಕಗಳ ವರದಿ ಒಂದು ಹೆಸರಿನಲ್ಲಿ, ಅರ್ಜಿ ಇನ್ನೊಂದು ಹೆಸರಿನಲ್ಲಿ ಉಳಿದು, ಎರಡೂ ಒಬ್ಬರದೇ ಎಂದು ಸಾಬೀತುಪಡಿಸುವ ಪತ್ರವ್ಯವಹಾರ ತಿಂಗಳುಗಟ್ಟಲೆ ಹಿಡಿಯಬಹುದು.

ಜಿಆರ್‌ಇ, ಟೋಫೆಲ್

ಒಂದು ಕಾಲಕ್ಕೆ ಜಿಆರ್‌ಇ ಇಲ್ಲದೆ ಅಮೆರಿಕದ ಮಾತೇ ಇರಲಿಲ್ಲ. 2020ರಲ್ಲಿ ಕೋವಿಡ್‌ನಿಂದ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಅನೇಕ ವಿಭಾಗಗಳು ಅದನ್ನು ಕೈಬಿಟ್ಟವು ಅಥವಾ ಐಚ್ಛಿಕಗೊಳಿಸಿದವು. ಹಲವೆಡೆ ಅದೇ ಮುಂದುವರಿದಿದೆ. ಒಂದೇ ವಿಶ್ವವಿದ್ಯಾಲಯದ ಒಂದು ವಿಭಾಗ ಜಿಆರ್‌ಇ ಕೇಳಬಹುದು, ಪಕ್ಕದ ವಿಭಾಗ ಕಳುಹಿಸಿದರೂ ನೋಡುವುದಿಲ್ಲ ಎನ್ನಬಹುದು. ಆದ್ದರಿಂದ ಮೊದಲು ವಿಭಾಗಗಳ ಪಟ್ಟಿ ಮಾಡಿಕೊಂಡು, ನಂತರ ಪರೀಕ್ಷೆಯ ತೀರ್ಮಾನ ಮಾಡುವುದು ಜಾಣತನ. ನಮ್ಮಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ. ಕೋಚಿಂಗ್ ಶುಲ್ಕ ಕಟ್ಟಿದ ಮೇಲೆ ವಿಶ್ವವಿದ್ಯಾಲಯ ಹುಡುಕುವವರೇ ಹೆಚ್ಚು.

2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಅವಧಿ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಭಾಷೆ ಮತ್ತು ಗಣಿತ ವಿಭಾಗಗಳಿಗೆ ತಲಾ 130ರಿಂದ 170, ಬರವಣಿಗೆಗೆ 0ಯಿಂದ 6ರವರೆಗೆ ಅಂಕ. (2011ಕ್ಕೆ ಮುಂಚೆ ಬರೆದ ಅಣ್ಣಂದಿರು ‘ನನಗೆ 800 ಬಂದಿತ್ತು’ ಎಂದರೆ ಅದು ಹಳೆಯ ಮಾಪನ.) ಅಂಕಗಳಿಗೆ ಐದು ವರ್ಷ ಮಾನ್ಯತೆ. ಒಮ್ಮೆ ಬರೆದು 21 ದಿನ ಕಳೆದ ಮೇಲೆ ಮತ್ತೆ ಬರೆಯಬಹುದು, ಹನ್ನೆರಡು ತಿಂಗಳಲ್ಲಿ ಐದು ಸಲಕ್ಕಿಂತ ಹೆಚ್ಚು ಇಲ್ಲ.

ಇಂಗ್ಲಿಷ್ ಪರೀಕ್ಷೆಯಿಂದ ಮಾತ್ರ ಬಿಡುಗಡೆ ಕಷ್ಟ. ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇವೆ ಎಂಬ ವಾದವನ್ನು ಎಲ್ಲರೂ ಒಪ್ಪುವುದಿಲ್ಲ. ಉದಾಹರಣೆಗೆ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಇಂಗ್ಲಿಷ್ ಜ್ಞಾನಕ್ಕೆ ಪುರಾವೆ ನೀಡಬೇಕಾದ ದೇಶಗಳ ಪಟ್ಟಿಯಲ್ಲಿ ಭಾರತವನ್ನೂ ಹೆಸರಿಸಿದೆ. ಅಲ್ಲಿನ ಕನಿಷ್ಠ ಮಟ್ಟ ಟೋಫೆಲ್‌ನ 120ರ ಮಾಪನದಲ್ಲಿ 90 ಅಥವಾ ಐಇಎಲ್‌ಟಿಎಸ್‌ನಲ್ಲಿ 7. ಎರಡೂ ಪರೀಕ್ಷೆಗಳ ಅಂಕಗಳಿಗೆ ಎರಡು ವರ್ಷ ಮಾತ್ರ ಮಾನ್ಯತೆ. 2026ರ ಜನವರಿಯಿಂದ ಟೋಫೆಲ್ 1ರಿಂದ 6ರ ಹೊಸ ಮಾಪನಕ್ಕೆ ಬದಲಾಗಿದ್ದು, ಪರಿವರ್ತನೆಯ ಅವಧಿಯಲ್ಲಿ 120ರ ಹಳೆಯ ಅಂಕವನ್ನೂ ಜೊತೆಗೆ ತೋರಿಸಲಾಗುತ್ತದೆ. ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿರುವ ಸಂಖ್ಯೆ ಯಾವ ಮಾಪನದ್ದು ಎಂದು ನೋಡಿಕೊಳ್ಳಬೇಕು. ಬೋಧನಾ ಸಹಾಯಕರಾಗಲು ಬಯಸುವವರಿಗೆ ಮಾತನಾಡುವ ಭಾಗದಲ್ಲಿ ಪ್ರತ್ಯೇಕವಾಗಿ ಹೆಚ್ಚಿನ ಅಂಕ ಕೇಳುವುದುಂಟು.

ಶಿಫಾರಸು ಪತ್ರ ಯಾರಿಂದ?

ಸಾಮಾನ್ಯವಾಗಿ ಮೂರು ಶಿಫಾರಸು ಪತ್ರಗಳು ಬೇಕು. ಅರ್ಜಿಯಲ್ಲಿ ಪ್ರಾಧ್ಯಾಪಕರ ಇ-ಮೇಲ್ ವಿಳಾಸ ಕೊಟ್ಟರೆ ವಿಶ್ವವಿದ್ಯಾಲಯ ಅವರಿಗೆ ಕೊಂಡಿಯೊಂದನ್ನು ಕಳುಹಿಸುತ್ತದೆ, ಅವರು ಅಲ್ಲಿ ಪತ್ರವನ್ನು ಸೇರಿಸಬೇಕು. ಕಾಲೇಜಿನ ಅಧಿಕೃತ ಇ-ಮೇಲ್ ಇದ್ದರೆ ವಿಶ್ವಾಸ ಹೆಚ್ಚು.

ನಮ್ಮ ಕಾಲೇಜುಗಳ ವಾಸ್ತವ ಎಲ್ಲರಿಗೂ ಗೊತ್ತಿದ್ದದ್ದೇ. ‘ನೀನೇ ಬರೆದುಕೊಂಡು ಬಾರಪ್ಪ, ಸಹಿ ಹಾಕುತ್ತೇನೆ’ ಎನ್ನುವ ಮೇಷ್ಟ್ರು ಅಪರೂಪವಲ್ಲ. ಅವರನ್ನು ದೂರುವುದೂ ಸುಲಭವಲ್ಲ. ಒಂದು ವಿಭಾಗದಿಂದ ಹತ್ತಾರು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಎಂಟು-ಹತ್ತು ವಿಶ್ವವಿದ್ಯಾಲಯಗಳು, ಅದೂ ಸೆಮಿಸ್ಟರ್ ಪರೀಕ್ಷೆಗಳ ನಡುವೆ. ಆದರೆ ವಿದ್ಯಾರ್ಥಿಯೇ ಬರೆದ ಪತ್ರ ಎಲ್ಲ ವಿದ್ಯಾರ್ಥಿಗಳದ್ದರಂತೆಯೇ ಇರುತ್ತದೆ. ‘ಶ್ರಮಜೀವಿ, ಶಿಸ್ತಿನ ಹುಡುಗ, ತರಗತಿಗೆ ಮೊದಲಿಗ’ ಎಂಬ ಮಾತುಗಳು ಸಮಿತಿಗೆ ಏನನ್ನೂ ಹೇಳುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದ, ಅದನ್ನು ಹೇಗೆ ಬಿಡಿಸಿದ ಎಂದು ಎರಡು ಸಾಲು ಬರೆಯಬಲ್ಲ ಸಹಾಯಕ ಪ್ರಾಧ್ಯಾಪಕರ ಪತ್ರ, ಮುಖವನ್ನೇ ನೋಡದ ಪ್ರಾಂಶುಪಾಲರ ಪತ್ರಕ್ಕಿಂತ ಮೇಲು. ಕೊನೆಯ ದಿನಾಂಕಕ್ಕೆ ಒಂದೆರಡು ತಿಂಗಳು ಮೊದಲೇ ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಅರ್ಜಿ ಹಾಕುವ ಸಂಸ್ಥೆಗಳ ಪಟ್ಟಿಗಳನ್ನು ಹಿಡಿದು ಹೋಗಿ ಕೇಳಿಕೊಂಡರೆ ಬರೆದುಕೊಡುವವರು ಸಿಗುತ್ತಾರೆ.

ಅರ್ಜಿಯಲ್ಲಿ ‘ಈ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ?’ ಎಂಬ ಪ್ರಶ್ನೆ ಇರುತ್ತದೆ. ವಿದ್ಯಾರ್ಥಿಗಳಿಗೆ ತಮ್ಮ ಕಡತ ನೋಡುವ ಹಕ್ಕು ನೀಡಿದ 1974ರ ಅಮೆರಿಕದ ಕಾನೂನಿನಿಂದ ಹುಟ್ಟಿದ ಪ್ರಶ್ನೆ ಇದು. ಹಕ್ಕು ಬಿಟ್ಟುಕೊಡುವುದು ಕಡ್ಡಾಯವಲ್ಲ. ಬಿಟ್ಟುಕೊಟ್ಟರೆ ಪತ್ರ ಮುಕ್ತವಾಗಿ ಬರೆದದ್ದು ಎಂಬ ನಂಬಿಕೆ ಓದುವವರಿಗೆ ಬರುತ್ತದೆ ಎಂಬ ಕಾರಣಕ್ಕೆ ಬಹುತೇಕರು ಒಪ್ಪುತ್ತಾರೆ.

ಉದ್ದೇಶ ನಿರೂಪಣೆ ಅಥವಾ ಎಸ್‌ಒಪಿ ಎನ್ನುವ ಎರಡು ಪುಟಗಳ ಬರಹವೇ ಅರ್ಜಿದಾರ ಸ್ವತಃ ಮಾತನಾಡುವ ಏಕೈಕ ಜಾಗ. ಬಾಲ್ಯದಲ್ಲಿ ರೇಡಿಯೋ ಬಿಚ್ಚಿ ನೋಡಿದ ಕಥೆಯಿಂದ ಆರಂಭವಾಗುವ ಬರಹಗಳು ಸಮಿತಿಗಳಿಗೆ ಸಾಕಾಗಿವೆ. ಏನು ಓದಿದ್ದೇನೆ, ಯಾವ ಪ್ರಶ್ನೆ ಬೆನ್ನಟ್ಟಬೇಕೆಂದಿದ್ದೇನೆ, ಇದೇ ವಿಭಾಗ ಏಕೆ ಎಂಬ ಮೂರಕ್ಕೆ ನೇರ ಉತ್ತರ ಸಾಕು. ಹಣ ಪಡೆದು ಬರೆದುಕೊಡುವ ಸಲಹಾ ಕೇಂದ್ರಗಳು ನಗರದ ಬಡಾವಣೆಗಳಲ್ಲಿ ಹೇರಳವಾಗಿವೆ. ಒಬ್ಬರಿಗೆ ಬರೆದದ್ದೇ ಇನ್ನೊಬ್ಬರಿಗೆ ಹೋಗುವ ಅಪಾಯವಿದೆ. ನಕಲನ್ನು ಪತ್ತೆಹಚ್ಚುವ ತಂತ್ರಾಂಶಗಳು ವಿಶ್ವವಿದ್ಯಾಲಯಗಳ ಬಳಿ ಇವೆ.

ಕೊನೆಯ ದಿನಾಂಕ, ಹಣಕಾಸು

ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಆರಂಭವಾಗುವ ‘ಫಾಲ್’ ಅವಧಿಗೆ ಹಿಂದಿನ ಡಿಸೆಂಬರ್ ಆಸುಪಾಸಿನಲ್ಲೇ ಅರ್ಜಿ ಮುಗಿಯುತ್ತದೆ. ಪಿಎಚ್.ಡಿಗಂತೂ ಇದು ಹೆಚ್ಚು ನಿಜ. ಕೆಲವು ಎಂ.ಎಸ್. ಕೋರ್ಸ್‌ಗಳು ಆನಂತರವೂ ಸ್ವೀಕರಿಸುತ್ತವೆ. ಬಿ.ಇ. ಏಳನೇ ಸೆಮಿಸ್ಟರ್‌ನಲ್ಲಿ ಅರ್ಜಿ ಹಾಕಬೇಕೆಂದರೆ ಆರನೇ ಸೆಮಿಸ್ಟರ್‌ನಲ್ಲೇ ಪಾಸ್‌ಪೋರ್ಟ್, ಪರೀಕ್ಷೆಗಳ ಸಿದ್ಧತೆ ಆಗಿರಬೇಕು. ಅರ್ಜಿ ಶುಲ್ಕ ಹಲವೆಡೆ ನೂರು ಡಾಲರ್‌ಗಳ ಆಸುಪಾಸಿನಲ್ಲಿದ್ದು ಮರಳಿಸುವುದಿಲ್ಲ. ಹತ್ತು ಕಡೆ ಹಾಕಿದರೆ ಎಷ್ಟಾಗುತ್ತದೆ ಎಂಬ ಲೆಕ್ಕ ಮನೆಯಲ್ಲಿ ಮೊದಲೇ ಆಗಲಿ.

ಪಿಎಚ್.ಡಿ ವಿದ್ಯಾರ್ಥಿಗಳಿಗೆ ಬೋಧನಾ ಅಥವಾ ಸಂಶೋಧನಾ ಸಹಾಯಕರಾಗಿ ಶುಲ್ಕ ವಿನಾಯಿತಿ, ಮಾಸಿಕ ವೇತನ ದೊರೆಯುವುದು ಸಾಮಾನ್ಯ. ಎಂ.ಎಸ್. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸ್ವಂತ ಹಣ ಅಥವಾ ಸಾಲದಿಂದಲೇ ಓದುತ್ತಾರೆ. ಸಾಲದ ಮೊತ್ತ 7.5 ಲಕ್ಷ ರೂಪಾಯಿ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಅಮೆರಿಕದ ಎರಡು ವರ್ಷದ ಖರ್ಚು ಆ ಮಿತಿಯನ್ನು ಎಷ್ಟೋ ಪಾಲು ಮೀರುವುದರಿಂದ ಮನೆ ಅಥವಾ ನಿವೇಶನದ ಪತ್ರ ಅಡವಿಡುವ ಪ್ರಶ್ನೆ ಎದುರಾಗುತ್ತದೆ. ಪ್ರವೇಶ ಪತ್ರ ಬಂದ ಸಂಭ್ರಮದಲ್ಲಿ ತೆಗೆದುಕೊಳ್ಳುವ ತೀರ್ಮಾನ ಇದಲ್ಲ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ವಯಸ್ಸು 35ರೊಳಗೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗೆ, ಅರ್ಹತಾ ಪದವಿಯಲ್ಲಿ ಶೇ 60 ಅಂಕ ಇರಬೇಕು. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ವಿಷಯಗಳ ಅಧ್ಯಯನಕ್ಕೆ ಈ ವೇತನವಿಲ್ಲ ಎಂದು 2022ರ ಮಾರ್ಗಸೂಚಿ ನಿರ್ಬಂಧಿಸಿದ್ದು ಆಗ ತೀವ್ರ ಟೀಕೆಗೆ ಗುರಿಯಾಗಿತ್ತು. ಪರಿಶಿಷ್ಟರಿಗೆ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆಯೂ ಇದೆ. ಎಲ್ಲ ವರ್ಗದವರೂ ಅರ್ಜಿ ಹಾಕಬಹುದಾದ ಜೆ.ಎನ್. ಟಾಟಾ ದತ್ತಿನಿಧಿ 1892ರಿಂದ ಸಾಲರೂಪದ ವಿದ್ಯಾರ್ಥಿವೇತನ ನೀಡುತ್ತ ಬಂದಿದೆ. ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್‌ಗೆ ನಾಲ್ಕು ವರ್ಷದ ಪದವಿಗೆ ಸಮನಾದ ಅರ್ಹತೆಯ ಜೊತೆಗೆ ಮೂರು ವರ್ಷಗಳ ವೃತ್ತಿ ಅನುಭವವೂ ಬೇಕು.

ಹಣಕಾಸು ನೆರವಿನ ಸಹಿತ ಪ್ರವೇಶ ದೊರೆತವರು ಏಪ್ರಿಲ್ 15ರ ಮೊದಲು ಉತ್ತರಿಸುವ ಕಡ್ಡಾಯವಿಲ್ಲ. ಅಮೆರಿಕದ ಗ್ರಾಜುಯೇಟ್ ಶಾಲೆಗಳ ಮಂಡಳಿಯ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳೆಲ್ಲ ಇದನ್ನು ಒಪ್ಪಿಕೊಂಡಿವೆ. ನೆರವಿಲ್ಲದ ಎಂ.ಎಸ್. ಪ್ರವೇಶಕ್ಕೆ ಈ ರಕ್ಷಣೆ ಅನ್ವಯಿಸದು. ಅಲ್ಲಿ ಮುಂಗಡ ಕಟ್ಟುವಂತೆ ಅವಸರಪಡಿಸುವ ಪತ್ರಗಳು ಬರಬಹುದು.

ಪ್ರವೇಶದ ನಂತರ

ಒಂದು ವರ್ಷದ ಖರ್ಚಿಗೆ ಹಣವಿದೆ ಎಂದು ಬ್ಯಾಂಕ್ ದಾಖಲೆ ತೋರಿಸಿದ ಮೇಲೆ ವಿಶ್ವವಿದ್ಯಾಲಯ ಐ-20 ನಮೂನೆ ಕಳುಹಿಸುತ್ತದೆ. ನಂತರ 350 ಡಾಲರ್ ಸೆವಿಸ್ ಶುಲ್ಕ, 185 ಡಾಲರ್ ವೀಸಾ ಅರ್ಜಿ ಶುಲ್ಕ. 2025ರ ಜುಲೈನಲ್ಲಿ ಅಂಗೀಕೃತವಾದ ಕಾನೂನು ಇನ್ನೂ 250 ಡಾಲರ್ ಶುಲ್ಕ ವಿಧಿಸಲು ಅವಕಾಶ ಕಲ್ಪಿಸಿದೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕೆಂಬ ಸೂಚನೆಯೂ ಇದೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತಾದರೂ ಆಗ ವೀಸಾ ಸೇವೆ ಆರಂಭವಾಗಿರಲಿಲ್ಲ. ರಾಜ್ಯದ ವಿದ್ಯಾರ್ಥಿಗಳು ಬಹುಕಾಲದಿಂದ ಸಂದರ್ಶನಕ್ಕೆ ಹೋಗುತ್ತಿರುವುದು ಚೆನ್ನೈ ಅಥವಾ ಹೈದರಾಬಾದಿಗೆ.

ಅಂತಿಮ ವರ್ಷದಲ್ಲಿದ್ದು ಪ್ರವೇಶ ಪಡೆದವರು ತರಗತಿ ಆರಂಭಕ್ಕೆ ಮೊದಲು ಪದವಿ ಪೂರ್ಣಗೊಂಡ ದಾಖಲೆ ಒಪ್ಪಿಸಬೇಕು. ನಮ್ಮ ವಿಶ್ವವಿದ್ಯಾಲಯಗಳ ಫಲಿತಾಂಶ ತಡವಾದರೆ ವಿದ್ಯಾರ್ಥಿಗೆ ಅಲ್ಲಿನ ಆಗಸ್ಟ್ ಕಾಯುವುದಿಲ್ಲ. ಘಟಿಕೋತ್ಸವದವರೆಗೆ ಕಾಯದೆ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಫಲಿತಾಂಶ ಬಂದ ದಿನವೇ ಅರ್ಜಿ ಕೊಡಬೇಕು. ಫಲಿತಾಂಶವೇ ಬಾರದಿದ್ದರೆ ಕಾಲೇಜಿನಿಂದ ‘ಕೋರ್ಸ್ ಮುಗಿಸಿದ್ದಾರೆ, ಫಲಿತಾಂಶ ನಿರೀಕ್ಷಿಸಲಾಗಿದೆ’ ಎಂಬ ಪತ್ರ ಪಡೆದು ಕಳುಹಿಸಿ, ಗಡುವು ವಿಸ್ತರಣೆ ಅಥವಾ ಮುಂದಿನ ಅವಧಿಗೆ ಪ್ರವೇಶ ಮುಂದೂಡುವಂತೆ ಲಿಖಿತವಾಗಿ ಕೋರಬಹುದು. ಮುಂದೂಡಲು ಒಪ್ಪುವುದು ಬಿಡುವುದು ಆಯಾ ವಿಭಾಗಕ್ಕೆ ಬಿಟ್ಟದ್ದು.